ಅಂಟುವಾಳದ ನೊರೆ

ತುಮಕೂರಿನಿಂದ ಶಿರಾ ಕಡೆಗೆ ಹೊರಡುವ ಹೆದ್ದಾರಿಯ ಮಗ್ಗುಲಿನ ಅಂತರಸನಹಳ್ಳಿಯನ್ನು ಇಂದು ಜನರು ಅಲ್ಲಿನ ತರಕಾರಿ ಮಾರುಕಟ್ಟೆಯಿಂದಲೂ ಕೈಗಾರಿಕಾ ಪ್ರದೇಶದಿಂದಲೂ ಗುರುತಿಸುವರು. ಈ ಸುತ್ತಿನ ನೀರು ಎರಡು ಬಗೆಯದು. ಹೇಮಾವತಿ ನಾಲೆಯಿಂದ ಹರಿದು ಬಂದು, ಬುಗುಡನಹಳ್ಳಿಯ ಕೆರೆಯಲ್ಲಿ ನಿಂತು, ನಗರದ ನಲ್ಲಿಗಳಿಗೆ ಬರುವ ನೀರು ಒಂದು; ಗಟ್ಟಿಶಿಲೆಯ ಬಿರುಕುಗಳಿಂದ ಕೊಳವೆಬಾವಿಗಳು ಮೇಲೆತ್ತುವ ನೀರು ಇನ್ನೊಂದು. ಒಂದೇ ಸಾಬೂನಿನ ಬಿಲ್ಲೆಯನ್ನು ಎರಡರಲ್ಲಿಯೂ ಉಜ್ಜಿ ನೋಡಿರಿ. ಮೊದಲನೆಯದರಲ್ಲಿ ನೊರೆ ಸಲೀಸಾಗಿ ಏಳುವುದು. ಎರಡನೆಯದರಲ್ಲಿ ಒಡೆದ ಹಾಲಿನ ಚೂರುಗಳಂತಹ ಬಿಳಿಯ ಕಸರು ತೇಲುವುದೇ ಹೊರತು ನೊರೆ ನಿಲ್ಲುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಬೇಳೆ ಬೇಯದ ನೀರೆಂದು ಹೆಸರು. ರಸಾಯನಶಾಸ್ತ್ರ ಇದನ್ನು ಗಡಸು ನೀರೆನ್ನುತ್ತದೆ.

ಸಾಬೂನು, ಮಾರ್ಜಕದ ಪುಡಿ, ಶಾಂಪೂಗಳನ್ನು ಕೈಬಿಟ್ಟು, ಅಂಟುವಾಳಕ್ಕೂ ಸೀಗೆಕಾಯಿಗೂ ಮರಳಬೇಕೆಂಬ ಮಾತು ಈಚೆಗೆ ಬಲವಾಗಿ ಕೇಳಿಬರುತ್ತಿದೆ. ಹಾಗೆ ಹೇಳುವವರು ಸಾಮಾನ್ಯವಾಗಿ ಕೊಡುವ ಕಾರಣ, ಅವು ಪ್ರಕೃತಿಯ ಕೊಡುಗೆ ಎಂಬುದು. ಇದು ಕಾರಣವಾಗಲಾರದು; ಉಮ್ಮತ್ತಿಯ ಕಾಯಿಯೂ ಪ್ರಕೃತಿಯ ಕೊಡುಗೆಯೇ. ಅಂಟುವಾಳದ ಪರವಾಗಿ ಹೇಳಬಹುದಾದ ನಿಜವಾದ ಕಾರಣಗಳು ಬೇರೆ ಇವೆ. ಅವುಗಳನ್ನು ಅರಿಯಲು ಕೊಳೆ ಹೋಗುವುದೆಂದರೇನೆಂಬುದನ್ನು ಮೊದಲು ತಿಳಿಯಬೇಕು.

ನೀರಿನ ಒಳಗಿರುವ ಅಣುವನ್ನು ನೆರೆಯ ಅಣುಗಳು ಎಲ್ಲ ಕಡೆಗಳಿಂದಲೂ ಎಳೆಯುತ್ತವೆ. ಮೇಲ್ಮೈಯಲ್ಲಿರುವ ಅಣುವಿಗಾದರೋ ಮೇಲುಗಡೆ ನೆರೆಯವರಿಲ್ಲ. ಅದರ ಮೇಲಣ ಸೆಳೆತವೆಲ್ಲ ಒಳಮುಖವಾಗಿ ಉಳಿಯುತ್ತದೆ. ಆದ್ದರಿಂದ ನೀರಿನ ಮೇಲ್ಮೈ ಬಿಗಿದು ಕಟ್ಟಿದ ಪೊರೆಯಂತೆ ವರ್ತಿಸುವುದು. ಎಣ್ಣೆ ಸವರಿದ ಹೊಲಿಗೆಯ ಸೂಜಿ ನೀರಿನ ಮೇಲೆ ಮಲಗುವುದೂ, ಕೆಸುವಿನ ಎಲೆಯ ಮೇಲೆ ಹನಿ ಗುಂಡಾಗಿ ಉರುಳುವುದೂ ಈ ಬಿಗಿತದಿಂದಲೇ. ಇದಕ್ಕೆ ಮೇಲ್ಮೈ ಕರ್ಷಣವೆಂದು ಹೆಸರು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಶುದ್ಧ ನೀರಿನಲ್ಲಿ ಇದರ ಬೆಲೆ ಸೆಂಟಿಮೀಟರಿಗೆ 72.8 ಡೈನ್. ಜಿಡ್ಡು ಹತ್ತಿದ ಬಟ್ಟೆಯ ಮೇಲೆ ಬರಿಯ ನೀರು ಹರಡಿಕೊಳ್ಳದೆ ಹನಿಗಟ್ಟುವುದಕ್ಕೆ ಕಾರಣವೂ ಇದೇ. ನೀರು ನೂಲಿನ ಎಳೆಗಳ ನಡುವೆ ಇಳಿಯದೆ ಕೊಳೆ ಬಿಡುವುದೆಂತು?

ಸಾಬೂನಿನ ಅಣುವಿಗೆ ಎರಡು ತುದಿಗಳು. ಒಂದು ತುದಿ ನೀರಿಗೆ ಒಲಿದುದು. ಇನ್ನೊಂದು, ಇಂಗಾಲದ ಉದ್ದನೆಯ ಬಾಲ, ನೀರನ್ನು ಒಲ್ಲದು, ಜಿಡ್ಡಿಗೆ ಒಲಿದುದು. ಇಂತಹ ಅಣುಗಳು ಮೇಲ್ಮೈಯಲ್ಲಿ ಬಾಲವನ್ನು ಗಾಳಿಗೆ ಚಾಚಿ ಸಾಲುಗಟ್ಟುತ್ತವೆ; ಕರ್ಷಣ 25-30 ಡೈನಿಗೆ ಇಳಿಯುವುದು, ನೀರು ಬಟ್ಟೆಯೊಳಕ್ಕೆ ನುಗ್ಗುವುದು. ಜಿಡ್ಡಿನ ಕಣವನ್ನು ಕಂಡರೆ ಇವು ತಮ್ಮ ಬಾಲಗಳನ್ನು ಅದರಲ್ಲಿ ನೆಟ್ಟು, ಅದನ್ನು ಸುತ್ತುವರಿದು, ನೀರಿನಲ್ಲಿ ತೇಲಿಸಿಕೊಂಡು ಹೋಗುತ್ತವೆ. ಒಗೆತವೆಂದರೆ ಇಷ್ಟೆ. ನೊರೆ ಈ ಕೆಲಸದ ಗುರುತಲ್ಲದೆ ಕೆಲಸವೇ ಅಲ್ಲ, ಜಾಹೀರಾತುಗಳು ಏನೇ ಹೇಳಲಿ.

ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಈ ಅಣುಗಳ ನೀರೊಲವಿನ ತುದಿಯನ್ನೇ ಹಿಡಿದುಕೊಂಡು, ಕರಗದ ಕಸರಾಗಿ ಒತ್ತರಿಸುತ್ತವೆ. ನಷ್ಟವೆಷ್ಟೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಬಹುದು. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ವಿಧಿಸಿರುವ ಗಡಸುತನದ ಮೇಲ್ಮಿತಿ, ಬೇರೆ ನೀರು ದೊರೆಯದ ಕಡೆ, ಲೀಟರಿಗೆ 600 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದುದು. 100 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಗಡಸುತನ 612 ಗ್ರಾಂ ಸೋಡಿಯಂ ಸ್ಟಿಯರೇಟನ್ನು ನುಂಗುವುದು. ಅಂತಹ ನೀರು ತುಂಬಿದ 15 ಲೀಟರಿನ ಬಕೆಟ್ಟೊಂದರಲ್ಲಿ, ಕೊಳೆಯ ಒಂದು ಕಣವೂ ಅಲುಗುವ ಮುನ್ನ ಸುಮಾರು 55 ಗ್ರಾಂ ಸಾಬೂನು ಕಸರಾಗಿ ಹೋಗಬೇಕು. ನೂರು ಗ್ರಾಮಿನ ಬಿಲ್ಲೆಯಲ್ಲಿ ಅರ್ಧಕ್ಕಿಂತ ಹೆಚ್ಚು!

ಈ ತೊಡಕಿನಿಂದ ಪಾರಾಗಲೆಂದೇ ರಸಾಯನಜ್ಞರು ಕ್ಯಾಲ್ಸಿಯಂಗೆ ಸುಲಭವಾಗಿ ಸಿಕ್ಕದ ಕೃತಕ ಮಾರ್ಜಕಗಳನ್ನು ರಚಿಸಿದರು. ನಮ್ಮ ದೇಶದ ಮಾರುಕಟ್ಟೆಗೆ ಸರ್ಫ್ 1959ರಲ್ಲಿ ಬಂದಿತು, ನಿರ್ಮಾ 1969ರಲ್ಲಿ. ಅವು ಗೃಹಿಣಿಯ ತೋಳಿನ ಶ್ರಮವನ್ನು ಬಹಳಷ್ಟು ತಗ್ಗಿಸಿದುವೆಂಬುದನ್ನು ಮರೆಯಲಾಗದು. ಆದರೆ ಮೊದಲ ಮಾರ್ಜಕಗಳ ಬಾಲ ಕವಲೊಡೆದುದಾಗಿತ್ತು. ಬ್ಯಾಕ್ಟೀರಿಯಗಳು ಅದನ್ನು ಬೇಗನೆ ಕತ್ತರಿಸಲಾರದೆ ಹೋದುವು. ಯೂರೋಪಿನ, ಅಮೆರಿಕದ ನದಿಗಳಲ್ಲಿ ನೊರೆ ಬೆಟ್ಟವಾಯಿತು. 1961ರಲ್ಲಿ ಪಶ್ಚಿಮ ಜರ್ಮನಿ ಇದಕ್ಕೆಂದೇ ಕಾಯಿದೆ ಮಾಡಿತು. ಆ ದಶಕದ ನಡುವಿನ ವೇಳೆಗೆ ಕವಲಿಲ್ಲದ ನೇರ ಬಾಲದ ಮಾರ್ಜಕಗಳು ಬಳಕೆಗೆ ಬಂದುವು. ಇವು ಗಾಳಿಯಾಡುವ ನೀರಿನಲ್ಲಿ ಬೇಗನೆ ಒಡೆಯುತ್ತವೆ. ಕೊಳಚೆಯನ್ನು ಶುದ್ಧಿಮಾಡದೆ ಕೆರೆಗೆ ಬಿಟ್ಟರೆ ಆಮ್ಲಜನಕವೆಲ್ಲಿಂದ ಬರಬೇಕು? ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿಯಲ್ಲಿ ನೊರೆ ರಾಶಿಯಾಗಿ ಎದ್ದು ರಸ್ತೆಗೆ ಹಾರಿದುದನ್ನೂ, 2015ರ ಮೇ ತಿಂಗಳಲ್ಲಿ ಬೆಳ್ಳಂದೂರಿನ ನೊರೆಗೆ ಬೆಂಕಿಯೇ ಹತ್ತಿದುದನ್ನೂ ಓದುಗರು ಬಲ್ಲರು. ಪುಡಿಗಳಲ್ಲಿ ಬೆರೆಸುತ್ತ ಬಂದ ಫಾಸ್ಫೇಟಿನದು ಇನ್ನೊಂದು ಕಥೆ: ಅದು ಪಾಚಿಗೂ ಅಂತರಗಂಗೆಗೂ ಗೊಬ್ಬರ.

ಈಗ ಅಂಟುವಾಳಕ್ಕೆ ಬರೋಣ. ಈ ಮರದ ಜಾತಿಗೆ ಸಸ್ಯಶಾಸ್ತ್ರ ಕೊಟ್ಟಿರುವ ‘ಸಪಿಂಡಸ್’ ಎಂಬ ಹೆಸರಿಗೆ ಭಾರತದ ಸಾಬೂನು ಎಂದೇ ಅರ್ಥ. ಕಾಯಿಯ ತಿರುಳುಸಿಪ್ಪೆಯಲ್ಲಿ ತೂಕದ ಸುಮಾರು ಹತ್ತನೆಯ ಒಂದು ಭಾಗ ಸಪೋನಿನ್ ಎಂಬ ಪದಾರ್ಥವಿದೆ. ಸೀಗೆಕಾಯಿಯಲ್ಲಿಯೂ ಅದೇ ಬಳಗದವು ಇವೆ. ಸಪೋನಿನ್ನಿನ ಅಣುವಿಗೂ ಎರಡು ಮುಖಗಳು: ನೀರೊಲವಿನ ಭಾಗ ಸಕ್ಕರೆಯ ಸರಪಳಿ, ಜಿಡ್ಡೊಲವಿನ ಭಾಗ ಇಂಗಾಲದ ಉಂಗುರಗಳ ಜೋಡಣೆ. ಅಂಟುವಾಳ ನೆನೆಸಿದ ನೀರಿನ ಮೇಲ್ಮೈ ಕರ್ಷಣ 40 ಡೈನಿನ ಆಸುಪಾಸಿಗೆ ಇಳಿಯುವುದು. ಸಾಬೂನಿನಷ್ಟು ಕೆಳಕ್ಕಲ್ಲ, ಆದ್ದರಿಂದ ಅದರ ಶಕ್ತಿ ತುಸು ಮೆದು. ಆದರೆ ಕ್ಯಾಲ್ಸಿಯಂ ಹಿಡಿಯಬಹುದಾದ ವಿದ್ಯುದಾವೇಶದ ತುದಿ ಅದಕ್ಕಿಲ್ಲ. ಬೇಳೆ ಬೇಯದ ನೀರಿನಲ್ಲಿಯೂ ಅದು ಕಸರಾಗದೆ ನೊರೆಗೊಡುವುದು. ನಮ್ಮ ಬಯಲುಸೀಮೆಯ ಬಾವಿನೀರಿಗೆ ಈ ಕಾಯಿ ಒಗ್ಗಿದುದು ಆಕಸ್ಮಿಕವಲ್ಲವೆಂದು ನನಗೆ ತೋರುತ್ತದೆ.

ಎರಡನೆಯ ಗುಣ ಇನ್ನೂ ಮುಖ್ಯ. ಸಾಬೂನಿನ ನೀರು ಕ್ಷಾರ. ಅದರ ಪಿಎಚ್ 9ರಿಂದ 10. ಅಂಟುವಾಳ, ಸೀಗೆಗಳ ನೀರು ನಸುಹುಳಿ, ನಮ್ಮ ಚರ್ಮದ ಮೇಲ್ಮೈಯೂ ಹಾಗೆಯೇ. ಕ್ಷಾರದಲ್ಲಿ ಕೂದಲಿನ ಹೊರಪದರದ ಹುರುಪೆಗಳು ಎದ್ದು ನಿಲ್ಲುತ್ತವೆ, ಕೂದಲು ಸಿಕ್ಕುಗಟ್ಟುತ್ತದೆ. ರೇಷ್ಮೆಯೂ ಕೂದಲಿನಂತೆ ಪ್ರೋಟೀನು, ಕ್ಷಾರಕ್ಕೆ ನವೆಯುವಂತಹುದು. ಮದುವೆಯ ರೇಷ್ಮೆಸೀರೆಯನ್ನು ಅಂಟುವಾಳದಲ್ಲಿಯೇ ಅದ್ದಬೇಕೆಂಬ ಅಜ್ಜಿಯರ ಪಟ್ಟು ರಸಾಯನಶಾಸ್ತ್ರಕ್ಕೆ ಒಪ್ಪಿಗೆಯಾದುದು. ಅಕ್ಕಸಾಲಿಗರು ಒಡವೆಗಳನ್ನು ಬೆಳಗುವುದೂ ಇದರಲ್ಲಿಯೇ.

ಹೀಗೆಂದು ಅಂಟುವಾಳ ನಿರಪಾಯಕರವೆಂದು ತಿಳಿಯಬಾರದು. ಸಪೋನಿನ್ ಜೀವಕೋಶಗಳ ಪೊರೆಯನ್ನು ಒಡೆಯಬಲ್ಲುದು. ಮೀನುಗಳನ್ನು ಮಂಕುಗೊಳಿಸಿ ಹಿಡಿಯಲು ಹಲವು ನಾಡುಗಳ ಜನರು ಸಪೋನಿನ್ ಉಳ್ಳ ಸಸ್ಯಗಳನ್ನೇ ನೀರಿಗೆ ಕದಡುತ್ತಿದ್ದರು. ಕಣ್ಣಿಗೆ ಬಿದ್ದರೆ ಅದು ಉರಿಯುವುದನ್ನು ಎಣ್ಣೆಸ್ನಾನದ ದಿನ ಯಾವ ಹುಡುಗನಾದರೂ ಹೇಳಿಯಾನು! ಮಾಡಿಟ್ಟ ನೀರು ಸಕ್ಕರೆಯ ಅಂಶದಿಂದಾಗಿ ಎರಡು ಮೂರು ದಿನಗಳಲ್ಲಿ ಹುಳಿಯುವುದು. ಒಂದು ಕಾಯಿಯ ಬಲ ಇನ್ನೊಂದಕ್ಕಿಲ್ಲ. ಆದ್ದರಿಂದ ಊಟಕ್ಕೆ ಮುಂಚೆ, ಶೌಚದ ಬಳಿಕ, ರೋಗಿಯ ಶುಶ್ರೂಷೆಯಲ್ಲಿ ಕೈತೊಳೆಯಲು ಸಾಬೂನನ್ನು ಬಿಡತಕ್ಕದ್ದಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಸೀಗೆಯ ಚಿತ್ರ ಮುದ್ರಿಸಿದ ಶಾಂಪೂ ಸೀಸೆಗಳನ್ನು ಕೊಳ್ಳುವವರು ಹಿಂಬದಿಯ ಸಣ್ಣಕ್ಷರಗಳನ್ನೂ ಓದಬೇಕು. ನೊರೆಯ ಭಾರವನ್ನು ಹೊರುತ್ತಿರುವುದು ಬಹುಮಟ್ಟಿಗೆ ಸೋಡಿಯಂ ಲಾರಿಲ್ ಸಲ್ಫೇಟಿನ ಬಳಗವೆಂದು ತಿಳಿಯುವುದು.

ದಿನಬಳಕೆಯ ಹತ್ತಿಬಟ್ಟೆಗೆ ನಡುದಾರಿಯೊಂದಿದೆ, ಮಡಿವಾಳರು ಹಿಂದಿನಿಂದ ಬಲ್ಲ ದಾರಿ. ಅವರು ತರುತ್ತಿದ್ದ ಸವುಳು ಮಣ್ಣಿನಲ್ಲಿ ಸೋಡಿಯಂ ಕಾರ್ಬೊನೇಟು ಇರುವುದು. ಅದು ಕ್ಯಾಲ್ಸಿಯಮನ್ನು ಸುಣ್ಣಕಲ್ಲಿನ ಪುಡಿಯಾಗಿ ತಳಕ್ಕಿಳಿಸಿ ಸಾಬೂನನ್ನು ಉಳಿಸುವುದು. ಮೇಲೆ ಹೇಳಿದ ಬಕೆಟ್ಟಿಗೆ ಹರಳುಗಟ್ಟಿದ ವಾಷಿಂಗ್ ಸೋಡ 26 ಗ್ರಾಮಿನಷ್ಟು ಸಾಕು. ಮಿಕ್ಕುದನ್ನು ಸಾಧಾರಣ ಸಾಬೂನು ನೋಡಿಕೊಳ್ಳುವುದು. ರೇಷ್ಮೆ, ಉಣ್ಣೆಗಳಿಗೆ ಮಾತ್ರ ಇದು ಸಲ್ಲದು. ಅಡಿಗೆಸೋಡಕ್ಕೆ ನಿಂಬೆರಸ ಹಿಂಡಿ ಪಾತ್ರೆ ತಿಕ್ಕುವ ಈಗಿನ ರೂಢಿಯಲ್ಲಿ ಆಮ್ಲವೂ ಕ್ಷಾರವೂ ಪರಸ್ಪರ ಕೊಂದುಕೊಂಡು, ಗುಳ್ಳೆಗಳ ಗದ್ದಲವಷ್ಟೇ ಉಳಿಯುವುದು. ಹಿತ್ತಾಳೆಯ ಕಿಲುಬಿಗೆ ಬರಿಯ ಹುಣಸೆಹಣ್ಣು ಸಾಕು.

ಮೇಲ್ಮೈ ಕರ್ಷಣದ ಅಧ್ಯಯನಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಜರ್ಮನಿಯ ಆಗ್ನೆಸ್ ಪೊಕೆಲ್ಸ್ ಎಂಬ ತರುಣಿ, ವಿಶ್ವವಿದ್ಯಾಲಯದ ಶಿಕ್ಷಣವಿಲ್ಲದೆ, ಮನೆಗೆಲಸದ ನಡುವೆ ಅಡಿಗೆಮನೆಯಲ್ಲಿಯೇ ನೀರಿನ ತೊಟ್ಟಿಯೊಂದನ್ನು ಅಣಿಮಾಡಿ, ಮೇಲ್ಮೈಯ ಬಿಗಿತವನ್ನು ಅಳೆದಳು. ಆಕೆಯ ಪತ್ರವನ್ನು ಓದಿ ಬೆರಗಾದ ಲಾರ್ಡ್ ರ್‍ಯಾಲೆ ಅದನ್ನು 1891ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಗುವಂತೆ ಮಾಡಿದನು.

ನಿಮ್ಮ ಮನೆಯಲ್ಲಿಯೂ ಮೂರು ಗಾಜಿನ ಸೀಸೆಗಳಿದ್ದಾವು. ಮೂರಕ್ಕೂ ಕೊಳವೆಬಾವಿಯ ನೀರನ್ನು ಅರ್ಧ ತುಂಬಿ, ಒಂದಕ್ಕೆ ಹೆರೆದ ಸಾಬೂನನ್ನೂ, ಒಂದಕ್ಕೆ ಮಾರ್ಜಕದ ಪುಡಿಯನ್ನೂ, ಒಂದಕ್ಕೆ ರಾತ್ರಿ ನೆನೆಸಿದ ಅಂಟುವಾಳದ ನೀರನ್ನೂ ಹಾಕಿರಿ. ಬಿರಡೆ ಬಿಗಿದು ಇಪ್ಪತ್ತು ಸಲ ಕುಲುಕಿ, ನೊರೆಯ ಎತ್ತರವನ್ನು ಆ ಕ್ಷಣದಲ್ಲೊಮ್ಮೆ, ಹತ್ತು ನಿಮಿಷಗಳ ಬಳಿಕ ಮತ್ತೊಮ್ಮೆ ಅಳೆದು ಬರೆದುಕೊಳ್ಳಿರಿ. ಆಮೇಲೆ ಹೇಮಾವತಿಯ ನಲ್ಲಿನೀರಿನಲ್ಲಿ ಇದನ್ನೇ ಮಾಡಿರಿ. ಯಾವ ಸೀಸೆಯ ಅಳತೆ ಎರಡು ನೀರುಗಳ ನಡುವೆ ಅತಿ ಹೆಚ್ಚು ಬದಲಾಯಿತೆಂಬುದನ್ನು ಗಮನಿಸಿರಿ.