ಅಜ್ಜಿ, ನಮ್ಮ ಪಾರ್ಟಿ ಯಾವುದು?

2023ರ ನವೆಂಬರ್. ತೆಲಂಗಾಣ ವಿಧಾನಸಭಾ ಚುನಾವಣೆಯ ಕಾವು. ಹೈದರಾಬಾದಿನ ನಮ್ಮ ಬೀದಿಯಲ್ಲಿ ಬೆಳಗಿನಿಂದ ಆಟೋ ಮೈಕುಗಳ ಅಬ್ಬರ. ಆಡಲು ಹೋಗಿದ್ದ ಏಳು ವರ್ಷದ ಮೊಮ್ಮಗ ಅಳುತ್ತ ಬಂದ.

"ಅಜ್ಜಿ, ನಮ್ಮ ಪಾರ್ಟಿ ಯಾವುದು? ಕೆಳಗಿನ ಮನೆಯವರದು ಬೇರೆ ಪಾರ್ಟಿಯಂತೆ. ನೀವೆಲ್ಲ ಕಳ್ಳರು ಅಂದೆ, ಅವನು ಹೊಡೆದ."

"ಹಾಗನ್ನೋದು ಯಾರು ಕಲಿಸಿದರೋ?"

"ಟಿ.ವಿ. ನೋಡುವಾಗ ನೀನೇ ಅಂದಿದ್ದೆಯಲ್ಲ!"

ನಾಚಿಕೆಯಾಯಿತು. ಮಕ್ಕಳು ನಾವು ಕಲಿಸಿದ್ದನ್ನು ಮರೆತರೂ ಆಡಿದ್ದನ್ನು ಮರೆಯುವುದಿಲ್ಲ.

ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ: "ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೊದಲು ಬೋರ್‌ವೆಲ್ ಹಾಕಿಸೋಣ ಅಂತ ಕೆಲವರು, ಲಿಫ್ಟ್ ರಿಪೇರಿ ಮಾಡಿಸೋಣ ಅಂತ ಕೆಲವರು. ಒಂದೇ ಮಾತಿನವರು ಒಟ್ಟಾದರೆ ಅದೇ ಪಕ್ಷ. ಹೆಚ್ಚು ಜನ ಒಪ್ಪಿದ್ದು ನಡೆಯುತ್ತದೆ."

"ಸೋತವರು ಮನೆ ಬಿಟ್ಟು ಹೋಗ್ತಾರಾ?"

"ಯಾಕೆ ಹೋಗಬೇಕು? ಇಲ್ಲೇ ಇದ್ದು ಖರ್ಚಿನ ಲೆಕ್ಕ ಕೇಳುತ್ತಾರೆ. ವಿರೋಧ ಪಕ್ಷದ ಕೆಲಸ ಅದು. ಮುಂದಿನ ಸಲ ಅವರೇ ಗೆಲ್ಲಬಹುದು."

"ನಮ್ಮ ಹತ್ತಿರ ಕಾರಿಲ್ಲ. ಕಾರಿಗೆ ಓಟು ಹಾಕಬಾರದಾ?"

ನಗು ಬಂತು. ಚಿಹ್ನೆಗಳ ಕಥೆ ಹೇಳಿದೆ. 1951ರ ಜನಗಣತಿಯಂತೆ ನೂರರಲ್ಲಿ ಸುಮಾರು 18 ಮಂದಿ ಮಾತ್ರ ಅಕ್ಷರಸ್ಥರು. ಹೆಸರು ಓದಲಾರದವರೂ ಗುರುತಿಸಲೆಂದು 1951-52ರ ಮೊದಲ ಮಹಾಚುನಾವಣೆಯಲ್ಲಿ ಪಕ್ಷಗಳಿಗೆ ಚಿತ್ರ ಕೊಟ್ಟರು. ಆಗ ಕಾಂಗ್ರೆಸ್ಸಿಗೆ ಜೋಡೆತ್ತು, ಆಮೇಲೆ ಇಂದಿರಾ ಗಾಂಧಿಯವರ ಕಾಂಗ್ರೆಸ್ಸಿಗೆ ಹಸು-ಕರು, 1978ರಿಂದ ಕೈ. ಚಿತ್ರ ಗುರುತಿಗಷ್ಟೇ, ಪೂಜೆಗಲ್ಲ.

ನನ್ನ ಬಾಲ್ಯವೂ ನೆನಪಾಯಿತು. 1982ರ ಮಾರ್ಚಿಯಲ್ಲಿ ಇದೇ ಊರಿನಲ್ಲಿ ತೆಲುಗುದೇಶಂ ಕಟ್ಟಿದ ಎನ್.ಟಿ. ರಾಮರಾಯರು 1983ರ ಜನವರಿಯಲ್ಲಿ ಮುಖ್ಯಮಂತ್ರಿಯಾದರು. ಅದೇ ತಿಂಗಳು ರಾಮಕೃಷ್ಣ ಹೆಗಡೆಯವರು ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ಅಪ್ಪ ಹಿಗ್ಗಿದರು, ಚಿಕ್ಕಪ್ಪ ಮುಖ ಗಂಟಿಕ್ಕಿದರು. ವಾದ ಜೋರಾಗಿಯೇ ನಡೆಯಿತು. ರಾತ್ರಿ ಇಬ್ಬರೂ ಅಕ್ಕಪಕ್ಕ ಕುಳಿತು ಉಂಡರು. ರಾಜಕೀಯದ ನನ್ನ ಮೊದಲ ಪಾಠ ಅದು. ಟಿ.ವಿ. ಮುಂದೆ ನಾನೇ ಅದನ್ನು ಮರೆತಿದ್ದೆ.

ಸಂಜೆ ಚಕ್ಕುಲಿ ಕೊಟ್ಟು ಮೊಮ್ಮಗನನ್ನು ಕೆಳಗೆ ಕಳಿಸಿದೆ. ತಪ್ಪಾಯಿತೆಂದು ಹೇಳಿ ನಗುತ್ತ ಬಂದ: "ಅಜ್ಜಿ, ಅವನಿಗೂ ಓಟಿಲ್ಲವಂತೆ!"

ಈ ಊರಿನಲ್ಲೇ ಹುಟ್ಟಿ ಬೆಳೆದ ನಮ್ಮ ಕನ್ನಡದ ಹುಡುಗ ಹುಡುಗಿಯರೇ, ನಿಮಗಂತೂ ಓಟಿದೆ. ಯಾರಿಗೆ ಹಾಕಬೇಕೆಂದು ನಾನು ಹೇಳಲಾರೆ. ಮನೆಯ ಚಿಕ್ಕವರು ನಮ್ಮ ಪಾರ್ಟಿ ಯಾವುದು ಎಂದಾಗ ಮಾತ್ರ, ಹೆಸರು ಹೇಳುವ ಮುಂಚೆ ಪಕ್ಷವೆಂದರೇನೆಂದು ಹೇಳಿ. ಬೇರೆ ಪಕ್ಷದವರೂ ನಮ್ಮ ನೆರೆಯವರೇ ಎಂಬುದನ್ನು ಮರೆಯದೆ ಹೇಳಿ.