ಕೆಂಪು ಬೇಕು, ಖಾರ ಬೇಡ: ಬ್ಯಾಡಗಿ ಪುಡಿಯ ಅಡುಗೆ ಮತ್ತು ಅದರ ಹಿಂದಿನ ರಾಜಕೀಯ

ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದು ರೂಮ್ ಮಾಡಿದ ಮೊದಲ ವಾರ ನಾನು ಮಾಡಿದ ಸಾರನ್ನು ರೂಮ್‌ಮೇಟ್‌ಗಳು ಇವತ್ತಿಗೂ ಮರೆತಿಲ್ಲ. ಅಮ್ಮನ ಸಾರಿನ ಕೆಂಪು ಬರಲಿ ಅಂತ ಅಂಗಡಿಯಲ್ಲಿ ಸಿಕ್ಕ ಖಾರದ ಪುಡಿಯನ್ನು ಮೂರು ಚಮಚ ಸುರಿದಿದ್ದೆ. ಕೆಂಪು ಬರಲಿಲ್ಲ, ಕಣ್ಣೀರು ಬಂತು. ಫೋನ್ ಮಾಡಿದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಯಾವ ಮೆಣಸಿನಕಾಯಿ?"

ಆ ಪ್ರಶ್ನೆಯಲ್ಲಿ ಕೆಮಿಸ್ಟ್ರಿಯೂ ಇದೆ, ರೈತನ ಬದುಕೂ ಇದೆ. ಒಂದೊಂದಾಗಿ ನೋಡೋಣ.

ಬಣ್ಣ ಬೇರೆ, ಖಾರ ಬೇರೆ

ಕೆಂಪಗಿದ್ದರೆ ಖಾರ ಜಾಸ್ತಿ ಅನ್ನೋದು ತಪ್ಪು ಲೆಕ್ಕ. ಖಾರ ಕೊಡುವುದು ಕ್ಯಾಪ್ಸೈಸಿನ್ ಎಂಬ ರಾಸಾಯನಿಕ. ಅದು ತಯಾರಾಗುವುದು ಬೀಜದಲ್ಲಿ ಅಲ್ಲ, ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಬಣ್ಣ ಕೊಡುವುದು ಕ್ಯಾಪ್ಸಾಂಥಿನ್‌ನಂಥ ಕ್ಯಾರೊಟಿನಾಯ್ಡ್‌ಗಳು. ಕ್ಯಾರೆಟ್‌ಗೆ ಬಣ್ಣ ಕೊಡುವ ವಸ್ತುವಿನ ಹತ್ತಿರದ ನೆಂಟರು ಇವು. ಎರಡಕ್ಕೂ ಪರಸ್ಪರ ಸಂಬಂಧವಿಲ್ಲ. ಹಾಗಾಗಿಯೇ ಹಂಗೇರಿಯ ಪಾಪ್ರಿಕಾ ಕಡುಗೆಂಪಾಗಿದ್ದೂ ನಾಲಿಗೆ ಸುಡಲ್ಲ.

ನಮ್ಮಲ್ಲಿ ಆ ಜಾಗ ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ ಮೆಣಸಿನಕಾಯಿಯದ್ದು. ಇದರಲ್ಲಿ ಎರಡು ಬಗೆ. 'ಡಬ್ಬಿ' ಗಿಡ್ಡ, ದಪ್ಪ. ಬಣ್ಣ ಜಾಸ್ತಿ, ಖಾರ ಕಮ್ಮಿ. 'ಕಡ್ಡಿ' ಉದ್ದ, ತೆಳು, ಮೈತುಂಬ ಸುಕ್ಕು. ಕುಂದಾಪುರದ ಕೋಳಿ ಸಾರು, ಮಂಗಳೂರಿನ ಘೀ ರೋಸ್ಟ್, ಬಿಸಿಬೇಳೆ ಬಾತ್, ಮಸಾಲೆ ದೋಸೆಯ ಒಳಗಿನ ಕೆಂಪು ಚಟ್ನಿ, ಎಲ್ಲದರ ಬಣ್ಣದ ಹಿಂದೆ ಇರೋದು ಇದೇ.

ಪುಡಿ ಹಾಕುವ ಹೊತ್ತು

ಬಣ್ಣ, ಖಾರ ಎರಡೂ ಎಣ್ಣೆಯಲ್ಲಿ ಕರಗುತ್ತವೆ, ನೀರಿನಲ್ಲಿ ಅಷ್ಟಾಗಿ ಕರಗಲ್ಲ. ಕುದಿಯುವ ಸಾರಿಗೆ ಮೇಲಿಂದ ಪುಡಿ ಉದುರಿಸಿದರೆ ಬಣ್ಣ ಪೂರ್ತಿ ಬಿಡದಿರುವುದು ಅದಕ್ಕೇ. ಹಾಗಂತ ಹೊಗೆಯಾಡುವ ಎಣ್ಣೆಗೆ ಹಾಕಿದರೂ ಕೆಟ್ಟಿತು. ಪುಡಿಯಲ್ಲಿ ತೇವಾಂಶ ಇರಲ್ಲ, ಕಣ ಸಣ್ಣದು. ಕೆಲವೇ ಸೆಕೆಂಡಲ್ಲಿ ಸೀದು ಕಪ್ಪಾಗಿ ಕಹಿಯಾಗುತ್ತೆ.

ದಾರಿ ಸರಳ. ಈರುಳ್ಳಿ ಬಾಡಿದ ಮೇಲೆ ಸ್ಟವ್ ಆರಿಸಿ. ಪುಡಿ ಹಾಕಿ ಹತ್ತು ಹದಿನೈದು ಸೆಕೆಂಡ್ ಕೈಯಾಡಿಸಿ. ಎಣ್ಣೆ ಕೆಂಪಾದ ಕೂಡಲೇ ಟೊಮೆಟೊ ಅಥವಾ ನೀರು ಹಾಕಿ ಮತ್ತೆ ಉರಿ ಹಚ್ಚಿ. ನೀರು ಬಿದ್ದ ಮೇಲೆ ಪುಡಿ ಸೀಯುವ ಭಯ ಇಲ್ಲ.

ಇಡೀ ಮೆಣಸಿನಕಾಯಿ ಹುರಿಯುವಾಗಲೂ ಸಣ್ಣ ಉರಿ, ನಾಲ್ಕು ಹನಿ ಎಣ್ಣೆ. ಗರಿಗರಿಯಾದರೆ ಸಾಕು, ಕಪ್ಪಾಗಬಾರದು. ಖಾರವೂ ಬೇಕು ಅನ್ನುವವರು ಮೂರು ಪಾಲು ಬ್ಯಾಡಗಿಗೆ ಒಂದು ಪಾಲು ಗುಂಟೂರು ಬೆರೆಸಬಹುದು. ಪುಡಿಯನ್ನು ಗಾಜಿನ ಬಾಟಲಿಯಲ್ಲಿ ತುಂಬಿ ಕಿಟಕಿ ಪಕ್ಕ ಇಡಬೇಡಿ. ಬೆಳಕು, ಗಾಳಿ, ಬಿಸಿ ಮೂರೂ ಬಣ್ಣದ ಶತ್ರುಗಳು. ಸ್ವಲ್ಪ ಸ್ವಲ್ಪವೇ ಪುಡಿ ಮಾಡಿಸಿ, ಉಳಿದದ್ದನ್ನು ಫ್ರಿಜ್‌ನಲ್ಲಿಡಿ.

ಕೆಂಪಿನ ಮೇಲಿನ ಆಸೆ, ಕಲಬೆರಕೆಗೆ ದಾರಿ

ನಾವು ಕಣ್ಣಿಂದ ಖರೀದಿ ಮಾಡುತ್ತೇವೆ ಅಂತ ಕಲಬೆರಕೆ ಮಾಡುವವರಿಗೂ ಗೊತ್ತು. ಮೇಣ, ಪಾಲಿಶ್‌ಗಳಿಗೆ ಬಳಸುವ ಸುಡಾನ್ ಎಂಬ ಕೈಗಾರಿಕಾ ಬಣ್ಣ ಖಾರದ ಪುಡಿಯ ಮೂಲಕ ಆಹಾರಕ್ಕೆ ಸೇರಿದ್ದು ಪತ್ತೆಯಾಗಿ 2005ರಲ್ಲಿ ಬ್ರಿಟನ್ನಿನಲ್ಲಿ ನೂರಾರು ತಿನಿಸುಗಳನ್ನು ಅಂಗಡಿಗಳಿಂದ ವಾಪಸ್ ಪಡೆಯಬೇಕಾಯಿತು.

ಮನೆಯಲ್ಲಿ ಮಾಡಬಹುದಾದ ಒಂದು ಪರೀಕ್ಷೆ ಇದೆ. ಗ್ಲಾಸಿನ ನೀರಿನ ಮೇಲೆ ಪುಡಿ ಉದುರಿಸಿ. ಬಣ್ಣ ಗೆರೆಗೆರೆಯಾಗಿ ಕೆಳಗಿಳಿದರೆ ನೀರಲ್ಲಿ ಕರಗುವ ಕೃತಕ ಬಣ್ಣ ಬೆರೆಸಿದ್ದಾರೆ ಅಂತ ಅನುಮಾನಿಸಿ. ಆದರೆ ಸುಡಾನ್ ಕೂಡ ಮೆಣಸಿನಕಾಯಿಯ ಬಣ್ಣದ ಹಾಗೆ ಎಣ್ಣೆಯಲ್ಲಿ ಕರಗುವಂಥದ್ದು, ಈ ಪರೀಕ್ಷೆಗೆ ಸಿಕ್ಕಿಬೀಳಲ್ಲ. ಅದಕ್ಕೆ ಲ್ಯಾಬ್ ಬೇಕು. ಅಂದರೆ ಗ್ರಾಹಕ ಎಷ್ಟೇ ಜಾಣನಾದರೂ ಸರ್ಕಾರದ ತಪಾಸಣೆಗೆ ಪರ್ಯಾಯ ಆಗಲ್ಲ.

ಬಣ್ಣಕ್ಕೆ ಬೆಲೆ ಕಟ್ಟುವವರು ಯಾರು?

ಬ್ಯಾಡಗಿ ಮೆಣಸಿನಕಾಯಿ ಬರೀ ಅಡುಗೆಮನೆಗೆ ಹೋಗಲ್ಲ. ಅದರಿಂದ ಓಲಿಯೋರೆಸಿನ್ ಎಂಬ ಕೆಂಪು ಸಾರ ತೆಗೆಯುತ್ತಾರೆ. ಸಂಸ್ಕರಿತ ಆಹಾರ, ಲಿಪ್‌ಸ್ಟಿಕ್, ನೈಲ್ ಪಾಲಿಶ್‌ಗೆ ಅದು ಬೇಕು. ಕಂಪನಿಗಳು ಬಣ್ಣವನ್ನು ಲ್ಯಾಬ್‌ನಲ್ಲಿ 'ಆಸ್ಟಾ' ಎಂಬ ಅಳತೆಯಲ್ಲಿ ಅಳೆದು ಲೆಕ್ಕ ಹಾಕುತ್ತವೆ. ಆದರೆ ಮಾರುಕಟ್ಟೆಯಲ್ಲಿ ಚೀಲದ ಪಕ್ಕ ನಿಂತ ರೈತನ ಕೈಯಲ್ಲಿ ಸಾಮಾನ್ಯವಾಗಿ ಆ ನಂಬರ್ ಇರಲ್ಲ. ತನ್ನ ಮಾಲಿನ ಗುಣ ಕೊಳ್ಳುವವನಿಗೆ ಗೊತ್ತು, ತನಗೇ ಗೊತ್ತಿಲ್ಲ ಅನ್ನುವಲ್ಲಿ ಚೌಕಾಶಿ ಶುರುವಾಗುವ ಮೊದಲೇ ಸೋಲಿದೆ.

2024ರ ಮಾರ್ಚ್ 11ರಂದು ಬ್ಯಾಡಗಿ ಎಪಿಎಂಸಿಯಲ್ಲಿ ನಡೆದದ್ದು ನೆನಪಿದೆಯಲ್ಲ? ಬೆಲೆ ಏಕಾಏಕಿ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಹಿಂಸೆಯನ್ನು ಸಮರ್ಥಿಸಬೇಕಿಲ್ಲ. ಆದರೆ ಟಿವಿಯಲ್ಲಿ ಬೆಂಕಿ ಮಾತ್ರ ಕಂಡಿತು, ಕಾರಣ ಕಾಣಲಿಲ್ಲ. ಮೆಣಸಿನಕಾಯಿ ಕೇಂದ್ರದ ಕನಿಷ್ಠ ಬೆಂಬಲ ಬೆಲೆಯ ಪಟ್ಟಿಯಲ್ಲಿ ಇಲ್ಲ. ಬೀಜ, ಗೊಬ್ಬರ, ಔಷಧಿ, ಕೊಯ್ಲಿನ ಕೂಲಿಗೆ ಸಾಲ ಮಾಡಿದವನಿಗೆ ಬೆಲೆ ಬಿದ್ದ ದಿನ ಹಿಡಿದುಕೊಳ್ಳೋಕೆ ಏನೂ ಇಲ್ಲ.

ಬ್ಯಾಡಗಿಗೆ 2011ರಲ್ಲೇ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅದು ಹೆಸರನ್ನು ಕಾಯುತ್ತೆ, ಬೆಲೆಯನ್ನಲ್ಲ. ಹೆಸರನ್ನಾದರೂ ಪೂರ್ತಿ ಕಾಯುತ್ತಿದೆಯಾ ಅನ್ನೋದೂ ಪ್ರಶ್ನೆಯೇ. ಈ ಮಾರುಕಟ್ಟೆಗೆ ಬಳ್ಳಾರಿ, ರಾಯಚೂರು, ಆಂಧ್ರದಿಂದಲೂ ಲಾರಿಗಟ್ಟಲೆ ಮಾಲು ಬರುತ್ತೆ. ಅದರಲ್ಲಿ ಹೈಬ್ರಿಡ್ ತಳಿಗಳೂ ಇವೆ. ಆ ರೈತರ ತಪ್ಪೇನಿಲ್ಲ, ಹೆಚ್ಚು ಇಳುವರಿ ಬರೋದನ್ನು ಬೆಳೆಯುತ್ತಾರೆ. ಆದರೆ ಪ್ಯಾಕೆಟ್ ಮೇಲೆ ಬರೀ 'ಖಾರದ ಪುಡಿ' ಅಂತಿದ್ದರೆ ಒಳಗಿರೋದು ಯಾವುದು ಅಂತ ತಿಳಿಯೋದು ಹೇಗೆ?

ಹಾಗಾಗಿ ಕೇಳಬೇಕಾದ್ದು ಎರಡೇ. ಪ್ಯಾಕೆಟ್ ಮೇಲೆ ತಳಿ ಮತ್ತು ಬೆಳೆದ ಜಾಗದ ಹೆಸರು. ಮಾರುಕಟ್ಟೆ ಅಂಗಳದಲ್ಲಿ, ಹರಾಜಿಗೆ ಮೊದಲು, ರೈತನ ಕೈಗೆ ಬಣ್ಣ ಪರೀಕ್ಷೆಯ ಚೀಟಿ. ಎರಡೂ ರಾಕೆಟ್ ಸೈನ್ಸ್ ಅಲ್ಲ.

ಅಲ್ಲಿಯವರೆಗೆ ಅಂಗಡಿಗೆ ಹೋದಾಗ ನಮ್ಮಮ್ಮನ ಪ್ರಶ್ನೆಯನ್ನೇ ಕೇಳಿ: ಯಾವ ಮೆಣಸಿನಕಾಯಿ?