ಕಾವೇರಿ ದಂಡೆಯಲ್ಲಿ ವಸಂತದ ಮುನ್ಸೂಚನೆಗಳು: ನದಿ ಬದಿಯ ಜಮೀನುಳ್ಳ ರೈತರು ಗಮನಿಸಬೇಕಾದ ಅಂಶಗಳು

ಪಂಚಾಂಗದ ಪ್ರಕಾರ ಚೈತ್ರ ಮತ್ತು ವೈಶಾಖ ಮಾಸಗಳು ವಸಂತ ಋತು. ನದಿಯ ದಂಡೆಯಲ್ಲಾದರೋ ಅದರ ಕುರುಹುಗಳು ಮಾಘದ ಕೊನೆಗೇ, ಅಂದರೆ ಫೆಬ್ರವರಿಯಲ್ಲೇ ಕಾಣತೊಡಗುತ್ತವೆ. ಕೃಷ್ಣರಾಜಸಾಗರದಿಂದ ಕೆಳಗೆ, ಶ್ರೀರಂಗಪಟ್ಟಣದ ಸುತ್ತಮುತ್ತ ಕಾವೇರಿಗೆ ತಾಗಿದಂತೆ ಜಮೀನುಳ್ಳ ರೈತ ಬಾಂಧವರಿಗೆ ಇದು ಬಿಡುವಿಲ್ಲದ ಕಾಲ. ಕಬ್ಬಿನ ಕಟಾವು, ಬೇಸಿಗೆ ಭತ್ತದ ಆರೈಕೆ, ಜಮೀನು ಮಟ್ಟ ಮಾಡುವುದು, ದಂಡೆ ಸರಿಪಡಿಸುವುದು ಎಲ್ಲವೂ ಒಟ್ಟಿಗೇ ಬರುತ್ತವೆ. ದಂಡೆಯ ಜೀವಿಗಳು ಸಂತಾನಾಭಿವೃದ್ಧಿಗೆ ತೊಡಗುವುದೂ ಇದೇ ಸಮಯದಲ್ಲಿ. ಆದ್ದರಿಂದ ಕೆಲವು ಕುರುಹುಗಳನ್ನು ಮೊದಲೇ ಗುರುತಿಸಿದರೆ, ಯಾವ ಕೆಲಸವನ್ನು ಯಾವಾಗ ಮತ್ತು ಎಲ್ಲಿ ಮಾಡಬಾರದೆಂಬುದು ತಾನಾಗಿಯೇ ತಿಳಿಯುತ್ತದೆ.

ಮೊದಲ ಕುರುಹು ಮರಗಳಲ್ಲಿ. ಎಲೆ ಉದುರಿಸಿಕೊಂಡ ಮುತ್ತುಗ ಫೆಬ್ರವರಿ–ಮಾರ್ಚ್‌ನಲ್ಲಿ ಕೆಂಪಗೆ ಹೂಬಿಡುತ್ತದೆ. ಅದರ ಬೆನ್ನಿಗೇ ಹೊಂಗೆ ಹಳೆಯ ಎಲೆ ಕಳಚಿ, ಹೊಳೆಯುವ ಹಸಿರು ಚಿಗುರು ತಳೆದು, ಯುಗಾದಿಯ ಆಸುಪಾಸಿನಲ್ಲಿ ಹೂವಾಗುತ್ತದೆ. ಹೊಂಗೆಯಡಿ ನಿಂತು ಒಂದು ನಿಮಿಷ ಕಿವಿಗೊಟ್ಟರೆ ಸಾಕು, ಜೇನ್ನೊಣಗಳ ಝೇಂಕಾರ ಕೇಳಿಸುತ್ತದೆ. ಆ ದಿನದಿಂದ ಹೂಬಿಡುವ ಹಂತದಲ್ಲಿರುವ ಸೂರ್ಯಕಾಂತಿ, ಅಲಸಂದೆ, ತರಕಾರಿ ಬೆಳೆಗಳಿಗೆ ಹಗಲಿನಲ್ಲಿ ಕೀಟನಾಶಕ ಸಿಂಪಡಿಸಬಾರದು. ಕೀಟಬಾಧೆ ಆರ್ಥಿಕ ನಷ್ಟದ ಮಟ್ಟ ಮೀರಿದ್ದು ಸಿಂಪರಣೆ ಅನಿವಾರ್ಯವಾದರೆ, ನೊಣಗಳು ಗೂಡಿಗೆ ಮರಳಿದ ನಂತರ, ಸಂಜೆ ಕತ್ತಲಾಗುವ ವೇಳೆಗೆ ಕೈಗೊಳ್ಳಿರಿ. ಹೆಜ್ಜೇನು ಬೆಳದಿಂಗಳ ರಾತ್ರಿಯಲ್ಲೂ ಮೇವಿಗೆ ಹೊರಡುವುದುಂಟು. ಹುಣ್ಣಿಮೆಯ ಹಿಂದು-ಮುಂದಿನ ದಿನಗಳನ್ನು ಬಿಡುವುದು ಇನ್ನೂ ಒಳ್ಳೆಯದು.

ಎರಡನೆಯ ಕುರುಹು ದಂಡೆಯ ಮಣ್ಣಿನಲ್ಲಿದೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ನಾನೇ ಇದರಲ್ಲಿ ತಪ್ಪಿದ್ದೇನೆ. ಹಲವು ವರ್ಷಗಳ ಹಿಂದೆ ಮಾರ್ಚ್ ತಿಂಗಳಿನಲ್ಲಿ, ಕಡಿದಾಗಿ ನಿಂತಿದ್ದ ನದಿದಂಡೆಯನ್ನು ಇಳಿಜಾರಾಗಿ ಕೆತ್ತಿ ಲಾವಂಚ ನೆಡುವಂತೆ ರೈತರೊಬ್ಬರಿಗೆ ಸಲಹೆ ನೀಡಿದ್ದೆ. ಮಣ್ಣು ಸವಕಳಿ ತಡೆಯುವ ದೃಷ್ಟಿಯಿಂದ ಸಲಹೆ ಸರಿಯೇ. ಯಂತ್ರ ಬಂದು ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿತು. ಮಾರನೆಯ ದಿನ ಹೋಗಿ ನೋಡಿದಾಗ, ಹತ್ತಾರು ನೀಲಿಬಾಲದ ಕಳ್ಳಿಪೀರಗಳು ಹೊಸ ಇಳಿಜಾರಿನ ಮೇಲೆ ಸುತ್ತುತ್ತ, ಇಲ್ಲದ ಗೂಡಿನ ಬಾಯಿಯನ್ನು ಹುಡುಕುತ್ತಿದ್ದವು. ಆ ರೈತರು ನನ್ನನ್ನು ಏನೂ ಅನ್ನಲಿಲ್ಲ. ನೆಟ್ಟ ಲಾವಂಚವೂ ಬಿಸಿಲಿಗೆ ಬಹುಪಾಲು ಒಣಗಿತು. ಅದನ್ನು ಜೂನ್ ಮಳೆಯೊಂದಿಗೆ ನೆಡಬೇಕೆಂಬುದು ಬೇಸಾಯಶಾಸ್ತ್ರ ಓದಿದ ನನಗೆ ತಿಳಿಯದ್ದೇನಲ್ಲ.

ಈ ಹಕ್ಕಿಗಳು ಮಾರ್ಚ್‌ನಿಂದ ಜೂನ್‌ವರೆಗೆ ಮರಳುಮಿಶ್ರಿತ ಕಡಿದಾದ ದಂಡೆಯಲ್ಲಿ ಗುಂಪಾಗಿ ಸುರಂಗ ಕೊರೆದು, ಅದರ ತುದಿಯಲ್ಲಿ ಮೊಟ್ಟೆಯಿಡುತ್ತವೆ. ಸುರಂಗ ಒಂದು ಮೀಟರಿಗೂ ಹೆಚ್ಚು ಉದ್ದವಿರಬಹುದು. ಬಳಕೆಯಲ್ಲಿರುವ ಗೂಡನ್ನು ಗುರುತಿಸುವುದು ಸುಲಭ: ರಂಧ್ರದ ಕೆಳಗೆ ಹಸಿ ಮಣ್ಣಿನ ಪುಡಿ ಬಿದ್ದಿರುತ್ತದೆ, ರಂಧ್ರದ ಕೆಳ ಅಂಚಿನಲ್ಲಿ ಹಕ್ಕಿಯ ಕಾಲುಗಳು ಸವೆಸಿದ ಎರಡು ಗೀರುಗಳಿರುತ್ತವೆ. ಜೇಡರ ಬಲೆ ಕಟ್ಟಿದ್ದರೆ ಅದು ಹಳೆಯ ಗೂಡು. ದಂಡೆ ಕೆತ್ತುವ ಕೆಲಸವಿದ್ದಲ್ಲಿ ಜನವರಿಯೊಳಗೆ ಮುಗಿಸಿರಿ, ಇಲ್ಲವೇ ಗೂಡುಗಳಿರುವಷ್ಟು ಭಾಗವನ್ನು ಹಾಗೆಯೇ ಬಿಟ್ಟು ಉಳಿದೆಡೆ ಮಾಡಿರಿ. ಕಳ್ಳಿಪೀರ ಜೇನ್ನೊಣಗಳನ್ನೂ ತಿನ್ನುತ್ತದೆ ಎಂಬ ಜೇನು ಸಾಕಣೆದಾರರ ದೂರು ನಿಜ. ಅದರ ಆಹಾರದಲ್ಲಿ ಕಣಜ, ಏರೋಪ್ಲೇನ್ ಚಿಟ್ಟೆಗಳೂ ಸೇರಿವೆ. ಈ ಮೂರು–ನಾಲ್ಕು ತಿಂಗಳು ಜೇನುಪೆಟ್ಟಿಗೆಗಳನ್ನು ಗೂಡುಗಳ ಸಾಲಿನಿಂದ ದೂರವಿಡುವುದೇ ಇದಕ್ಕೆ ಪರಿಹಾರ.

ನೀರಿಳಿದು ಮರಳದಿಬ್ಬಗಳು ಎದ್ದಾಗ ನದಿ ರೀವ ಹಕ್ಕಿಯನ್ನು ನೋಡಿರಿ. ಹಳದಿ ಕೊಕ್ಕು, ಕವಲೊಡೆದ ಬಾಲ, ಬೂದು ಮೈ. ಅದರ ನೆತ್ತಿ ಪೂರ್ತಿ ಕಪ್ಪಾಗಿದ್ದರೆ ಗೂಡಿನ ಕಾಲ ಬಂದಿದೆಯೆಂದೇ ತಿಳಿಯಬಹುದು. ಬರಿ ಮರಳ ಮೇಲೆ ಎರಡು–ಮೂರು ಮೊಟ್ಟೆಯಿಡುವ ಈ ಹಕ್ಕಿ ಜಾಗತಿಕವಾಗಿ ಅಪಾಯದಂಚಿನಲ್ಲಿದೆ. ದನಗಳನ್ನು ಮರಳದಿಬ್ಬಕ್ಕೆ ಅಟ್ಟಬೇಡಿರಿ, ನಾಯಿಗಳನ್ನು ಬಿಡಬೇಡಿರಿ. ಮಧ್ಯಾಹ್ನ ಹಕ್ಕಿ ಎದ್ದು ಹೋದರೆ ಕಾದ ಮರಳಿನಲ್ಲಿ ಮೊಟ್ಟೆಗಳು ಬೇಗ ಕೆಡುತ್ತವೆ. ಉಳುವಾಗ ಟಿಟ್ಟಿಭ ತಲೆಯ ಮೇಲೆ ಕೂಗಾಡುತ್ತಿದ್ದರೆ ಟ್ರ್ಯಾಕ್ಟರ್ ನಿಲ್ಲಿಸಿ ನೆಲ ನೋಡಿರಿ. ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳು ಹೆಂಟೆಯ ಬಣ್ಣದಲ್ಲೇ ಇರುತ್ತವೆ. ಸುತ್ತ ಒಂದು ಮಾರು ಜಾಗ ಬಿಟ್ಟು ಉತ್ತರೆ ಬೆಳೆಗೆ ನಷ್ಟವಿಲ್ಲ.

ಕೊನೆಯದು ಮೊಸಳೆ. ರಂಗನತಿಟ್ಟಿನ ಬಂಡೆಗಳ ಮೇಲೆ ಪ್ರವಾಸಿಗರು ನೋಡುವ ಮೊಸಳೆಗಳು ಪಕ್ಷಿಧಾಮದ ಗಡಿ ಅರಿಯವು. ಹೆಣ್ಣು ಮೊಸಳೆ ಫೆಬ್ರವರಿ–ಏಪ್ರಿಲ್ ನಡುವೆ ದಂಡೆಯಲ್ಲಿ ಗುಂಡಿ ತೋಡಿ ಮೊಟ್ಟೆಯಿಟ್ಟು, ಸುಮಾರು ಎರಡು ತಿಂಗಳು ಕಾವಲಿರುತ್ತದೆ. ಮರಳಿನ ಮೇಲೆ ಹೊಟ್ಟೆ ಎಳೆದ ಜಾಡು, ಅದರ ನಡುವೆ ಬಾಲದ ಗೆರೆ, ಇಕ್ಕೆಲಗಳಲ್ಲಿ ಪಂಜದ ಗುರುತು ಕಂಡಲ್ಲಿ ಎತ್ತುಗಳ ಮೈತೊಳೆಯುವುದು, ಬಟ್ಟೆ ಒಗೆಯುವುದು, ಮುಂಜಾನೆ-ಮುಸ್ಸಂಜೆ ಪಂಪ್‌ಸೆಟ್‌ನ ಫುಟ್‌ವಾಲ್ವ್ ಸರಿಪಡಿಸಲು ನೀರಿಗಿಳಿಯುವುದು ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿಯಿದು. ಗೂಡು ಕೆದಕುವುದು ಅಪಾಯವೂ ಹೌದು, ಅಪರಾಧವೂ ಹೌದು. ಜಾಡು ಕಂಡ ದಿನವೇ ಅರಣ್ಯ ಇಲಾಖೆಗೆ ತಿಳಿಸಿ, ಅಕ್ಕಪಕ್ಕದ ಜಮೀನಿನವರಿಗೂ ಹೇಳಿರಿ. ಮಕ್ಕಳಿಗೆ ಪರೀಕ್ಷೆ ಮುಗಿದು ರಜೆ ಬರುವುದೂ, ಅವರು ಈಜಲು ಹೊಳೆಗೆ ಹೋಗುವುದೂ ಇದೇ ದಿನಗಳಲ್ಲಿ.